ಒಲೆಗೆ ಬೆನ್ನು ಮಾಡಿ ನಿಂತವನು

ಕಾನ್ಸಾಸಿನ ಗೋಧಿ ಹೊಲಗಳ ನಡುವೆ ಇರುವ ನಮ್ಮ ವಿಮಾನ ನಿಲ್ದಾಣಕ್ಕೆ ಒಂದೇ ರನ್‌ವೇ, ಕಂಟ್ರೋಲ್ ಟವರ್ ಇಲ್ಲ. ಬರುವ ಪೈಲಟ್‌ಗಳು ತಾವು ಎಲ್ಲಿದ್ದೇವೆಂದು ರೇಡಿಯೋದಲ್ಲಿ ತಾವೇ ಹೇಳಿಕೊಂಡು ಇಳಿಯುತ್ತಾರೆ. ಎಮೆಟ್ ಕ್ರೌಸ್ ಒಬ್ಬನನ್ನು ಬಿಟ್ಟು. ಎಂಬತ್ತರ ಮುದುಕ. ಅವನ ಹಳದಿ ವಿಮಾನವೂ ಅವನಷ್ಟೇ ಹಳೆಯದು, ಅದರಲ್ಲಿ ರೇಡಿಯೋ ಇಲ್ಲ. ಕಾನೂನಿಗೂ ಅದು ಸರಿಯೇ. ಕಣ್ಣಿದ್ದವನಿಗೆ ರೇಡಿಯೋ ಯಾಕೆ ಎನ್ನುತ್ತಾನೆ.

ನನ್ನ ಹೆಂಡತಿ ವರ್ನಾ ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿ ನಿವೃತ್ತಳಾದವಳು. ಸುಮ್ಮನೆ ಕೂರುವ ಪೈಕಿಯಲ್ಲ. ಪರೀಕ್ಷೆ ಬರೆದು ಡ್ರೋನ್ ಲೈಸೆನ್ಸ್ ತೆಗೆದುಕೊಂಡಳು. ಆಲಿಕಲ್ಲು ಬಿದ್ದಾಗ ಊರವರ ಛಾವಣಿ ನೋಡಿಕೊಡುತ್ತಾಳೆ, ತಪ್ಪಿಸಿಕೊಂಡ ಕರು ಹುಡುಕುತ್ತಾಳೆ. ನಮ್ಮ ಮನೆ ಸುತ್ತ ಬರೀ ಮರ, ತಂತಿ. ಹಾಗಾಗಿ ನಿಲ್ದಾಣದ ಮೂಲೆಯಿಂದಲೇ ಹಾರಿಸುವುದು. ಎಮೆಟ್‌ಗೆ ಅದು ಕಣ್ಣಲ್ಲಿ ಬಿದ್ದ ಕಸ.

ಅಲ್ಲಿಂದ ಡ್ರೋನ್ ಏರಿಸಕೂಡದೆಂಬ ನಿಯಮ ನಿಲ್ದಾಣ ಸಮಿತಿಯ ಸೋಮವಾರದ ಸಭೆಗೆ ಬರುವುದಿತ್ತು. ಐವರು ಸದಸ್ಯರಲ್ಲಿ ಇಬ್ಬರು ಆಚೆ, ಇಬ್ಬರು ಈಚೆ. ಐದನೆಯವನು ಎಮೆಟ್. ಅವನ ಕೈ ಯಾವ ಕಡೆ ಏಳುತ್ತದೆಂದು ಊರಿಗೆಲ್ಲ ಗೊತ್ತಿತ್ತು. ವರ್ನಾ ಊಟ ಬಿಟ್ಟಿದ್ದಳು.

ಅದಕ್ಕೆ ಎರಡು ದಿನ ಮೊದಲು, ಶನಿವಾರ, ನಿಲ್ದಾಣಕ್ಕೆ ಎಪ್ಪತ್ತೈದು ತುಂಬಿದ ಸಂತೋಷಕ್ಕೆ ಪ್ಯಾನ್‌ಕೇಕ್ ತಿಂಡಿ. ಅರವತ್ತು ಜನ ಹುಲ್ಲಿನ ಮೇಲೆ ಎಪ್ಪತ್ತೈದರ ಅಂಕಿಯಾಗಿ ನಿಲ್ಲುವುದು, ವರ್ನಾ ಫೋಟೋ ತೆಗೆಯುವುದು. ಡ್ರೋನ್ ಇರುವ ಕಡೆ ತಲೆ ಹಾಕುವುದಿಲ್ಲ ಎಂದು ಎಮೆಟ್ ಸಾರಿಬಿಟ್ಟಿದ್ದ.

ಜನರ ತಲೆ ಮೇಲೆ ಹಾರಿಸಬಾರದೆಂದು ವರ್ನಾ ಡ್ರೋನನ್ನು ಪಕ್ಕಕ್ಕೆ ಏರಿಸಿದಳು. ಅವಳ ಸೊಂಟದ ರೇಡಿಯೋದಲ್ಲಿ ಯಾವ ಪೈಲಟ್‌ನ ದನಿಯೂ ಇಲ್ಲ, ಆಕಾಶ ಖಾಲಿ. ಕಾವಲಿಗೆ ನಾನು. ನಾನೋ ಬೆಳಗಿನಿಂದ ಉಪವಾಸ, ಪ್ಯಾನ್‌ಕೇಕ್ ಒಲೆಯಿಂದ ಮೂಗಿಗೆ ಬೆಣ್ಣೆಯ ಘಮ.

"ಲೈಲ್, ಒಲೆಗೆ ಬೆನ್ನು ಮಾಡಿ ನಿಂತ್ಕೋ," ಎಂದಳು. "ನಿನ್ನ ಕೆಲಸ ಆಕಾಶ ನೋಡೋದು, ಪ್ಯಾನ್‌ಕೇಕ್ ಎಣಿಸೋದಲ್ಲ."

ಮುನಿಸಿಕೊಂಡು ದಕ್ಷಿಣಕ್ಕೆ ತಿರುಗಿ ನಿಂತೆ. ದೂರದ ಗಾಳಿಯಂತ್ರದ ಪಕ್ಕ ಹಳದಿ ಚುಕ್ಕೆಯೊಂದು ಕಂಡಿತು. ರೇಡಿಯೋ ಮೌನ.

"ವರ್ನಾ, ದಕ್ಷಿಣಕ್ಕೆ ವಿಮಾನ. ಇಳಿಸು."

ಅವಳು ತಿರುಗಿ ನೋಡಲಿಲ್ಲ, ಯಾರದು ಎಂದು ಕೇಳಲಿಲ್ಲ. ಡ್ರೋನ್ ನೆಟ್ಟಗೆ ಇಳಿದು ಹುಲ್ಲು ಮುಟ್ಟಿತು. ಫೋಟೋ ಇನ್ನೂ ಆಗಿರಲಿಲ್ಲ. ಅರವತ್ತು ಜನ ಗೊಣಗಿದರು.

ಎಮೆಟ್ ಸುತ್ತು ಹಾಕಿ ಇಳಿದು ಬಂದ. ಡ್ರೋನ್ ಮೇಲಿನ ಸಿಟ್ಟಿಗಿಂತ ಪ್ಯಾನ್‌ಕೇಕ್ ಮೇಲಿನ ಆಸೆ ದೊಡ್ಡದಾಗಿತ್ತು. ಎಲ್ಲರೂ ಹೀಗೆ ಸಾಲುಗಟ್ಟಿ ಯಾಕೆ ನಿಂತಿದ್ದೀರಿ ಎಂದು ಕೇಳಿದ. ಯಾರೋ ನಡೆದದ್ದು ಹೇಳಿದರು. ಮುದುಕ ಎರಡು ಪ್ಯಾನ್‌ಕೇಕ್ ತಿಂದು ಮುಗಿಸಿದ.

"ನಂಗೆ ನಿನ್ನ ಡ್ರೋನ್ ಕಾಣಲೇ ಇಲ್ವಲ್ಲಮ್ಮ," ಎಂದ ಕೊನೆಗೆ.

"ನಿಮಗೆ ಕಾಣೋ ಮೊದಲೇ ಇಳಿಸೋದೇ ನನ್ನ ಕೆಲಸ," ಎಂದಳು ವರ್ನಾ.

ಮತ್ತೆ ಡ್ರೋನ್ ಏರಿಸಿ ತೆಗೆದ ಫೋಟೋದಲ್ಲಿ ಐದರ ಬಾಲದಲ್ಲಿ ಎಮೆಟ್ ನಿಂತಿದ್ದಾನೆ, ಕೈಯಲ್ಲಿ ತಟ್ಟೆ. ನಾನು ಅಂಚಿನಲ್ಲಿದ್ದೇನೆ, ಮುಖ ಆಕಾಶಕ್ಕೆ. ಸೋಮವಾರ ನಿಯಮ ಬಿದ್ದುಹೋಯಿತು. ಅದರ ಪರವಾಗಿ ಎಮೆಟ್‌ನ ಕೈ ಏಳಲೇ ಇಲ್ಲ. ಅಂದು ರಾತ್ರಿ ವರ್ನಾ ಎರಡು ಸಲ ಬಡಿಸಿಕೊಂಡು ಉಂಡಳು.

ಮುಂದಿನ ಶನಿವಾರ ಮನೆಯಿಂದ ಒಂದು ತಟ್ಟೆ ಪ್ಯಾನ್‌ಕೇಕ್ ತಂದಿದ್ದೆ. ಡ್ರೋನ್ ಏರುವ ಹೊತ್ತಿಗೆ ವರ್ನಾಳ ಸೊಂಟದ ರೇಡಿಯೋ ಗೊರಗೊರ ಎಂದಿತು.

"ವರ್ನಾ, ನಾನು ಎಮೆಟ್. ಕೈಯಲ್ಲಿ ಹಿಡಿಯೋದೊಂದು ರೇಡಿಯೋ ತಗೊಂಡಿದೀನಿ. ದಕ್ಷಿಣದಿಂದ ಬರ್ತಿದೀನಿ. ಪಾಪ, ನಿನ್ನ ಗಂಡನಿಗೆ ತಿನ್ನೋಕೆ ಬಿಡು."

ನಾನು ತಟ್ಟೆಗೆ ಕೈ ಹಾಕಿದೆ.

"ಅವರ ರೇಡಿಯೋ ಬ್ಯಾಟರಿ ಮುಗಿದ್ರೆ?" ಎಂದಳು ವರ್ನಾ, ಡ್ರೋನ್ ಇಳಿಸುತ್ತಾ.

ತಟ್ಟೆ ಹಿಡಿದುಕೊಂಡೇ ದಕ್ಷಿಣಕ್ಕೆ ತಿರುಗಿ ನಿಂತೆ.