ಮಸ್ಕತ್ತಿನ ದೂರ

ಬೊಮ್ಮಯ್ಯ ಬೆಳಗಿನ ಜಾವ ಸತ್ತ. ಬೊಬ್ರುವಾಡದ ಆ ಕೇರಿಯಲ್ಲಿ ಹೆಣ ಎತ್ತುವ ತನಕ ಯಾರ ಮನೆಯ ಒಲೆಯೂ ಹೊತ್ತುವಂತಿಲ್ಲ. ಬಿಸಿಲೇರುವಾಗ ಅಂಗಳದಲ್ಲಿ ಕೂತವರ ದುಃಖ ಅರ್ಧ ಇಳಿದು ಹಸಿವು ಪೂರಾ ಏರಿತ್ತು. ತಪ್ಪೇನು, ಹೊಟ್ಟೆ ಯಾರ ಮಾತು ಕೇಳುತ್ತದೆ?

ಮಸ್ಕತ್ತಿನಲ್ಲಿ ನರ್ಸ್ ಆಗಿರುವ ಮಗಳು ರಂಜನಾಗೆ ಕಾಯಬೇಕೋ ಬೇಡವೋ ಎಂಬುದೇ ಎಲ್ಲರ ಪ್ರಶ್ನೆ. ಬೊಮ್ಮಯ್ಯನಿಗಿದ್ದವಳು ಅವಳೊಬ್ಬಳೇ. ತನ್ನ ಬಾಯಿಗೆ ಕಡೆಯ ನೀರು ಅವಳೇ ಬಿಡಬೇಕೆಂದು ಊರಿಗೆಲ್ಲ ಹೇಳಿಟ್ಟಿದ್ದ.

ಉತ್ತರ ಗೊತ್ತಿದ್ದದ್ದು ಬೊಮ್ಮಯ್ಯನ ತಂಗಿ ಗಂಗೂಗೆ. ರಂಜನಾ ಅವಳಿಗೇ ಫೋನು ಮಾಡಿ ಅತ್ತಿದ್ದಳು. "ಅತ್ತೆ, ಟಿಕೆಟ್ ಸಿಕ್ತು. ಮೂರು ತಾಸು ವಿಮಾನ, ಗೋವೆಯಿಂದ ಕಾರು. ಸಂಜೆ ಒಳಗೆ ಬತ್ತೆ. ಅಪ್ಪನ್ನ ಇಟ್ಕೊ."

"ಆಯ್ತು, ಬಾ," ಎಂದು ಗಂಗೂ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಳು.

ಈ ಗಂಗೂ ಸಾಮಾನ್ಯದವಳಲ್ಲ ಮಾರಾಯ್ರೆ! ತನ್ನ ಮಗ ವಿಕಾಸನಿಗೆ ಅಣ್ಣನ ಮಗಳನ್ನೇ ತರುತ್ತೇನೆಂದು ಊರಿಗೆಲ್ಲ ಸಾರಿದ್ದಳು. ರಂಜನಾ ಇದೇ ಅಂಗಳದಲ್ಲಿ, ಹತ್ತು ಜನರೆದುರು, "ಅವನ ಕೈ ಹಿಡಿಯೂಕಿಂತ ಪರದೇಶದಲ್ಲಿ ರೋಗಿಗಳ ಹೇಲು ಬಳಿಯೂದು ಲೇಸು" ಎಂದು ಹೊರಟುಹೋದಳು. ಏಳು ವರ್ಷ ಆ ಮಾತು ಗಂಗೂನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

"ಮಸ್ಕತ್ತಿಂದ ಬರೂಕೆ ಎಷ್ಟು ಹೊತ್ತು ಬೇಕು?" ನೆರೆಮನೆಯ ಕಾಶಿ ಕೇಳಿದ.

"ಅಣ್ಣನೇ ಹೇಳ್ತಿದ್ನಲ್ಲ, ಎರಡು ದಿನದ ಹಾದಿ," ಎಂದಳು ಗಂಗೂ, ಸೆರಗಿನಿಂದ ಕಣ್ಣೊರೆಸುತ್ತ.

ಹೌದು, ಬೊಮ್ಮಯ್ಯ ಹಾಗೆಯೇ ಹೇಳುತ್ತಿದ್ದ. ಹಬ್ಬಕ್ಕೆ ಬಾ ಎಂದಾಗಲೆಲ್ಲ ಮಗಳು ಕೊಡುತ್ತಿದ್ದ ನೆಪ ಅದು: "ಎರಡು ದಿನದ ಹಾದಿ ಅಪ್ಪಾ, ರಜೆಯೆಲ್ಲ ದಾರಿಲೇ ಮುಗೀತದೆ." ಪಾಪ, ಮುದುಕ ನಂಬಿದ್ದ. ಊರನ್ನೂ ನಂಬಿಸಿದ್ದ.

ವಿಕಾಸ ಮೊಬೈಲು ತೆಗೆದು ನೋಡಿದ. "ಗೋವೆಯಿಂದ ಸಾವಿರದ ಎಂಟುನೂರು ಕಿಲೋಮೀಟರು, ಚಿಲ್ಲರೆ."

ಕಾಶಿ ಬೆರಳು ಮಡಚಿದ. ಅವನು ಕಂಡ ದೂರದ ಪ್ರಯಾಣವೆಂದರೆ ಮುಂಬೈ ಬಸ್ಸು ಒಂದೇ. "ಮುಂಬೈಗೆ ಹದಿನಾರು ತಾಸು ಬೇಕು. ಇದು ಅದರ ಮೂರು ಪಟ್ಟು. ಎರಡು ದಿನ ಸಮಾ ಆಯ್ತಲ!"

ಎಲ್ಲರೂ ತಲೆಯಾಡಿಸಿದರು. ವಿಮಾನಕ್ಕೆ ಎಷ್ಟು ತಾಸು ಎಂಬುದು ಮೊಬೈಲಿನಲ್ಲಿ ಕೆಳಗಿನ ಸಾಲಿನಲ್ಲೇ ಇತ್ತು. ಓದಲು ವಿಕಾಸ ಬಾಯಿ ತೆರೆದ. ಗಂಗೂ ಅವನನ್ನೊಮ್ಮೆ ನೋಡಿದಳು. ಅವನು ಮೊಬೈಲನ್ನು ಕಿಸೆಗೆ ಹಾಕಿ ಚಟ್ಟಕ್ಕೆ ಬಿದಿರು ತರಲು ಎದ್ದ.

ಬಾಯಿಗೆ ನೀರು ಬಿಟ್ಟವನೂ ಬೆಂಕಿ ಇಟ್ಟವನೂ ಅವನೇ.

ಬಿಸಿಲು ಇಳಿಯುವಾಗ ಟ್ಯಾಕ್ಸಿಯೊಂದು ಬಂದು ನಿಂತಿತು. ರಂಜನಾ ಇಳಿದವಳೇ ಮನೆಮನೆಯ ಮಾಡಿನ ಮೇಲೆ ಅಡುಗೆಯ ಹೊಗೆ ಕಂಡಳು. ಕೇರಿಯಲ್ಲಿ ಹುಟ್ಟಿದವಳಿಗೆ ಬಿಡಿಸಿ ಹೇಳಬೇಕೆ? ಅಂಗಳದಲ್ಲೇ ಕುಸಿದಳು.

"ಅತ್ತೆ! ಮೂರೇ ತಾಸು ಅಂದಿದ್ದೆ ಅಲಾ! ಎಂತಕ್ಕೆ ಕಾಯಲಿಲ್ಲ?"

ಜನ ಗಂಗೂನ ಕಡೆ ತಿರುಗಿದರು. ಗಂಗೂ ಹೆದರಲಿಲ್ಲ. ಈ ಮಾತಿಗೇ ಅವಳು ಬೆಳಗಿನಿಂದ ಕಾದಿದ್ದು.

"ಮೂರೇ ತಾಸನೇ ಮಗಾ?" ಎಂದಳು, ಎಲ್ಲರಿಗೂ ಕೇಳುವಂತೆ. "ಹಂಗಾರೆ ನಿನ್ನ ಅಪ್ಪ ಏಳು ವರ್ಷ ಯಾರ ದಾರಿ ನೋಡ್ದ?"

ಎಲ್ಲರ ಕಣ್ಣೂ ಈಗ ರಂಜನಾಳ ಮೇಲಿತ್ತು. ಕಾಶಿ ಛೀ ಎಂದು ಮುಖ ತಿರುಗಿಸಿದ.

ಗಂಗೂ ಒಳಗೆ ಹೋಗಿ ತಾಟಿನಲ್ಲಿ ಬಿಸಿ ಗಂಜಿ ತಂದು ಅವಳ ಮುಂದಿಟ್ಟಳು.

"ಉಣ್ಣು," ಎಂದಳು, "ದೂರದಿಂದ ಬಂದವಳು."