ದೇಹದ ಮೇಲ್ಭಾಗಕ್ಕೆ ಪೆಟ್ಟು

ಓಟ್ಸ್ ಗಂಜಿ ತಳ ಹಿಡಿಯದಂತೆ ಕೈಯಾಡಿಸುತ್ತಾ ನಿಂತಿದ್ದೆ. ಹಿಲ್ಮಾ ಬಂದು ನನ್ನ ಅಂಗಿಯ ಅಂಚು ಎಳೆದಳು.

"ಅಮ್ಮಾ, ಅಪ್ಪ ಕಾರಿನ ಹತ್ರ ನಿಂತಿದಾರೆ. ನಾನು ಕಾಲುಚೀಲ ಹಾಕ್ಕೊಂಡೆ, ತಲೆ ಬಾಚ್ಕೊಂಡೆ, ಬ್ಯಾಗೂ ತುಂಬ್ಕೊಂಡೆ. ಇನ್ನೂ ಅಲ್ಲೇ ಇದಾರೆ."

ಒಲೆ ಆರಿಸಲೂ ಮರೆತು ಹೊರಗೆ ಹೋದೆ. ಮಾರ್ಚ್ ತಿಂಗಳ ಕೊನೆ. ಹಗಲು ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಹಿಮ ಅಂಗಳದ ತುಂಬ ಬೂದಿಬಣ್ಣಕ್ಕೆ ತಿರುಗಿ ಬಿದ್ದಿತ್ತು. ಸಾಮುಲಿ ಕಾರಿನ ಮುಂದೆ ನಿಂತಿದ್ದ. ರಾತ್ರಿಯ ಚಳಿಗೆ ಇಂಜಿನ್ ಬಿಸಿಯಾಗಿಡುವ ಕರೆಂಟ್ ತಂತಿಯನ್ನು ಅಂಗಳದ ಕಂಬದಿಂದ ಕಿತ್ತು ಕೈಗೆ ಸುತ್ತಿಕೊಂಡಿದ್ದ. ಅದಾದ ಮೇಲೆ ಏನು ಮಾಡಬೇಕೆಂದು ಹೊಳೆಯದೆ ನಿಂತುಬಿಟ್ಟಿದ್ದ. ನನ್ನನ್ನು ಕಂಡು, ಬಿಸಿಲು ಚೆನ್ನಾಗಿದೆ, ಅದಕ್ಕೇ ನಿಂತೆ ಎಂದ. ಬಿಸಿಲು ಇರಲಿಲ್ಲ. ಅವನ ಕೈಯಿಂದ ತಂತಿ ಬಿಡಿಸಿಕೊಂಡು ಒಳಗೆ ಕರೆದುಕೊಂಡು ಬಂದೆ. ಗಂಜಿ ತಳ ಹಿಡಿದಿತ್ತು. ಮೇಲಿನದಷ್ಟನ್ನು ಮೂರು ಬಟ್ಟಲಿಗೆ ಹಾಕಿದೆ.

ಆವತ್ತು ಮಂಗಳವಾರ. ಹಿಂದಿನ ಶನಿವಾರ, ಐಸ್ ಹಾಕಿ ಲೀಗಿನ ಕ್ವಾರ್ಟರ್ ಫೈನಲ್‌ನ ಮೂರನೇ ಪಂದ್ಯದಲ್ಲಿ, ಎದುರು ತಂಡದ ಒಬ್ಬ ಧಡಿಯ ಆಟಗಾರ ಹಿಂದಿನಿಂದ ಬಂದು ಸಾಮುಲಿಯನ್ನು ಮಂಜಿನಂಗಳದ ಅಂಚಿನ ಹಲಗೆಗೆ ಅಪ್ಪಳಿಸಿದ್ದ. ನಾನೂ ಹಿಲ್ಮಾಳೂ ನಮ್ಮ ಮಾಮೂಲಿ ಜಾಗದಲ್ಲಿ, ಆರನೇ ಸಾಲಿನಲ್ಲಿ ಕೂತಿದ್ದೆವು. ಹೆಲ್ಮೆಟ್ ಹಲಗೆಯ ಮೇಲಿನ ಗಾಜಿಗೆ ತಗುಲಿದ ಸದ್ದು ಅಲ್ಲಿಯವರೆಗೂ ಕೇಳಿಸಿತು. ಅವನು ಎದ್ದ. ಎದ್ದು, ತನ್ನದೆಂದುಕೊಂಡು, ಎದುರು ತಂಡದ ಬೆಂಚಿನ ಕಡೆಗೆ ಹೋದ. ಜನ ನಕ್ಕರು. ಮಾರನೆಯ ದಿನ ನಮ್ಮ 'ಕುರ್ಕಿ' ತಂಡದವರು ಪತ್ರಿಕೆಗೆ ಕೊಟ್ಟ ಹೇಳಿಕೆ ಒಂದೇ ಸಾಲು: ಸಾಮುಲಿ ಹೆಯ್ನೊನೆನ್, ದೇಹದ ಮೇಲ್ಭಾಗಕ್ಕೆ ಪೆಟ್ಟು.

ಪ್ಲೇಆಫ್, ಅಂದರೆ ಲೀಗಿನ ಕೊನೆಯ ನಿರ್ಣಾಯಕ ಪಂದ್ಯಗಳು, ನಡೆಯುವಾಗ ಯಾವ ತಂಡವೂ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ. ಎಲ್ಲಿ ನೋವಿದೆ ಎಂದು ಗೊತ್ತಾದರೆ ಎದುರಾಳಿಗಳು ಅಲ್ಲಿಗೇ ಹೊಡೆಯುತ್ತಾರೆ. ಸೊಂಟವೇ ಗಡಿ, ಮೇಲ್ಭಾಗ ಇಲ್ಲವೇ ಕೆಳಭಾಗ. ಹನ್ನೊಂದು ವರ್ಷದಲ್ಲಿ ನಮ್ಮ ಮನೆಯಲ್ಲಿ ಮುರಿದ ಪಕ್ಕೆಲುಬು, ಜಾರಿದ ಭುಜ, ಹೊಲಿಗೆ ಹಾಕಿದ ಗದ್ದ ಎಲ್ಲವೂ ಆ ಒಂದು ಮಾತಿನ ಹಿಂದೆ ಅಡಗಿ ಕೂತಿದ್ದವು. ಒಮ್ಮೆ ಹಿಲ್ಮಾಳಿಗೆ ಗಂಟಲು ಬಾತಾಗ ಶಾಲೆಯ ರಜಾಪತ್ರದಲ್ಲಿ ನಾನೂ ಹಾಗೇ ಬರೆದುಬಿಟ್ಟಿದ್ದೆ. ಟೀಚರ್ ಫೋನ್ ಮಾಡಿ, ಅಂದರೆ ಏನು ಎಂದು ಕೇಳಿದ್ದರು. ಆಗ ನಾವು ಮೂವರೂ ಎಷ್ಟು ನಕ್ಕಿದ್ದೆವು.

ಗಂಜಿ ತಿನ್ನುತ್ತಾ ಹಿಲ್ಮಾ ಬಾಯಿ ತೆರೆದಳು. "ಅಮ್ಮಾ, ಅಪ್ಪಂಗೆ..." ಎಂದಳು.

ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಪ್ಲೇಆಫ್ ಮುಗಿಯುವವರೆಗೆ ಈ ಮಾತು ಬೇಡ ಎಂಬ ಅರ್ಥ ಅವಳಿಗೆ ಗೊತ್ತು. ಎಂಟು ವರ್ಷದ ಮಗು. ಹೇಳಿದ ಮಾತು ಕೇಳುವ ಮಗು. ಬಾಯಿ ಮುಚ್ಚಿ ಚಮಚ ಎತ್ತಿಕೊಂಡಳು.

ಆ ಮಧ್ಯಾಹ್ನ ಟೀಚರ್ ಮತ್ತೆ ಫೋನ್ ಮಾಡಿದರು. ತರಗತಿಯ ಪಿಹ್ಲಾ ಎಂಬ ಹುಡುಗಿ, ನಿಮ್ಮಪ್ಪ ಸೊಂಟದಿಂದ ಮೇಲೆ ಪೂರ್ತಿ ಕೆಟ್ಟುಹೋಗಿದ್ದಾನಂತೆ ಎಂದು ಅಣಕಿಸಿದ್ದಳು. ನಿಮ್ಮಪ್ಪಂಗೆ ಸೊಂಟದ ಮೇಲೆ ಮೊದಲಿಂದಲೂ ಏನೂ ಇಲ್ಲವಲ್ಲ ಎಂದು ನನ್ನ ಮಗಳು ತಿರುಗಿಸಿ ಕೊಟ್ಟಿದ್ದಳು. ನಾನು ಕ್ಷಮೆ ಕೇಳಿದೆ. ಸಂಜೆ ಸಾಮುಲಿಗೆ ಹೇಳಿದಾಗ ಅವನು, ಪ್ಲೇಆಫ್ ಮುಗಿಯುವವರೆಗೆ ಆಟಗಾರರು ಬೋಳಿಸದೆ ಬಿಡುವ ಗಡ್ಡ ಸವರಿಕೊಂಡು ನಕ್ಕ. ಸ್ವಲ್ಪ ಹೊತ್ತು ಬಿಟ್ಟು, ಟೀಚರ್ ಯಾಕೆ ಫೋನ್ ಮಾಡಿದ್ದು ಎಂದು ಕೇಳಿದ.

ಬುಧವಾರದ ಐದನೇ ಪಂದ್ಯವನ್ನು ಅವನಿಲ್ಲದ ತಂಡ ಸೋತಿತು. ಏಳು ಪಂದ್ಯಗಳಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ; ಇನ್ನೊಂದು ಸೋತರೆ ಆ ವರ್ಷದ ಆಟ ಮುಗಿಯುತ್ತಿತ್ತು, ಅವನ ಒಪ್ಪಂದವೂ ಅಲ್ಲಿಗೇ. ಮೂವತ್ತೈದಾದ ಮೇಲೆ, ಗಾಯಾಳುವಾಗಿ ಕೂತ ಆಟಗಾರನನ್ನು ಯಾರೂ ಮತ್ತೆ ಕರೆಯುವುದಿಲ್ಲ.

ಗುರುವಾರ ಅವನ ಹಳೆಯ ಜೊತೆಗಾರನೊಬ್ಬ ಬಂದು ಮಡಿಸಿದ ಕಾಗದಗಳನ್ನು ಕೊಟ್ಟುಹೋದ. ತಲೆಗೆ ಪೆಟ್ಟಾದವನು ಮತ್ತೆ ಆಡಬೇಕಾದರೆ ತಂಡದ ಡಾಕ್ಟರು ಹತ್ತು ಪದ ಓದುತ್ತಾರೆ. ಕೇಳಿಕೊಂಡು ತಿರುಗಿ ಹೇಳಬೇಕು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಬೇಕು. ಪದಗಳ ಪಟ್ಟಿ ಇರುವುದೇ ಮೂರು. ಮೂರೂ ಆ ಕಾಗದದಲ್ಲಿದ್ದವು. ಆಟದ ಋತುವಿನ ಶುರುವಿನಲ್ಲಿ ಎಲ್ಲರಿಗೂ ಒಮ್ಮೆ ಈ ಪರೀಕ್ಷೆ ಆಗುತ್ತದೆ. ಆಗ ಬೇಕೆಂದೇ ನಾಲ್ಕೈದು ಪದ ಮರೆತಂತೆ ನಟಿಸುವುದು ಆಟಗಾರರ ಹಳೆಯ ಉಪಾಯ. ಮುಂದೆ ನಿಜವಾಗಿ ಮರೆತಾಗ ವ್ಯತ್ಯಾಸ ಕಾಣಬಾರದಲ್ಲ. ಸಾಮುಲಿ ಆ ಸಲ ನಟಿಸಿರಲಿಲ್ಲ. ಅದಕ್ಕೇ ಈಗ ಬಾಯಿಪಾಠ.

ಓದುವ ಕೆಲಸ ಹಿಲ್ಮಾಳ ಪಾಲಿಗೆ ಬಂತು. ಅಪ್ಪನಿಗೆ ಬೆಳಕು ಆಗುತ್ತಿರಲಿಲ್ಲವಾದ್ದರಿಂದ ಕಿಟಕಿಯ ಪರದೆ ಎಳೆದಿದ್ದೆವು. ಪರದೆಯ ಸಂದಿಗೆ ಕಾಗದ ಹಿಡಿದು ಅವಳು ಮೆಲ್ಲಗೆ ಓದುತ್ತಿದ್ದಳು: ಕಿಟಕಿ, ಸಕ್ಕರೆ, ಕೊಡಲಿ, ಸೇತುವೆ, ಉಣ್ಣೆ... ಅವನು ಕಣ್ಣು ಮುಚ್ಚಿ ತಿರುಗಿ ಹೇಳುತ್ತಿದ್ದ. ಮೊದಲು ಅದು ಅವಳಿಗೆ ಆಟದಂತಿತ್ತು. ಹಿಂದೆ ಅವಳಿಗೆ ಮಗ್ಗಿ ಹೇಳಿಕೊಟ್ಟವನು ಅವನೇ. ಈಗ ಅವಳು, ತಪ್ಪು, ಇನ್ನೊಂದು ಸಲ ಎಂದು ಅವನದೇ ದನಿಯಲ್ಲಿ ಗದರುತ್ತಿದ್ದಳು. ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ. ನಿಲ್ಲಿಸಿ ಎನ್ನಬಹುದಿತ್ತು. ಹೇಳಲಿಲ್ಲ.

ಶುಕ್ರವಾರ ಆರನೇ ಪಂದ್ಯ, ಎದುರಾಳಿಗಳ ಊರಿನಲ್ಲಿ. ರೇಡಿಯೊ ಸಣ್ಣಗೆ ಹಾಕಿ ಕೇಳಿದೆವು. ಕುರ್ಕಿ ಗೆದ್ದಿತು, ಇಬ್ಬರದೂ ಮೂರು ಮೂರು; ಇನ್ನು ಭಾನುವಾರದ ಏಳನೇ ಪಂದ್ಯದಲ್ಲೇ ಇತ್ಯರ್ಥ. ಹಿಲ್ಮಾ ಸೋಫಾದ ಮೇಲೆ ಕುಣಿದಳು. ಅವಳ ಅಪ್ಪ ತಲೆ ಹಿಡಿದುಕೊಂಡು, "ಸಾನ್ನಾ, ಸದ್ದು ಮಾಡ್ಬೇಡ" ಎಂದ.

ಸಾನ್ನಾ ಅವನ ತಂಗಿ. ಸ್ವೀಡನ್ನಿನಲ್ಲಿದ್ದಾಳೆ.

ಅವನಿಗೂ ತಪ್ಪಿನ ಅರಿವಾಯಿತು. ಸರಿಯಾದ ಹೆಸರಿಗಾಗಿ ಹುಡುಕಿದ. ತುಟಿ ಅಲ್ಲಾಡಿದ್ದು ನನಗೆ ಕಂಡಿತು. ಕೊನೆಗೆ, "ಬಾ ಪುಟ್ಟಿ" ಎಂದ. ಆವತ್ತಿನಿಂದ ಅವನ ಬಾಯಲ್ಲಿ ಬರೀ ಪುಟ್ಟಿ. ನಾನು ಕೆಲಸದ ಮಧ್ಯೆ ಬೇಕೆಂದೇ ಹಿಲ್ಮಾ ಹಿಲ್ಮಾ ಎಂದು ಜೋರಾಗಿ ಕರೆಯುತ್ತಿದ್ದೆ, ಅವನ ಕಿವಿಗೆ ಬೀಳಲಿ ಎಂದು.

ಶನಿವಾರ ಅವಳೇ ಒಂದು ಪರೀಕ್ಷೆ ಹೂಡಿದಳು. ನಾನು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದೆ. ಹೊಸ ನೋಟುಪುಸ್ತಕವನ್ನೂ ಪೆನ್ನನ್ನೂ ಅಪ್ಪನ ಮುಂದಿಟ್ಟು, "ಅಪ್ಪಾ, ಇದರ ಮೇಲೆ ನನ್ನ ಹೆಸರು ಬರ್ದುಕೊಡಿ" ಎಂದಳು.

ಅವನು ಪೆನ್ನು ಹಿಡಿದ. ರಟ್ಟಿನ ಮೇಲಿನ ಖಾಲಿ ಗೆರೆಯನ್ನು ತುಂಬ ಹೊತ್ತು ನೋಡಿದ. ಆಮೇಲೆ ಪೆನ್ನನ್ನು ಅವಳ ಕೈಗೇ ಕೊಟ್ಟು, "ನೀನೇ ಬರ್ಕೋ ಪುಟ್ಟಿ. ನಿನ್ನ ಅಕ್ಷರ ಚೆಂದ" ಎಂದ.

ಅವಳು ಪುಸ್ತಕ ಎದೆಗೊತ್ತಿಕೊಂಡು ಅಡುಗೆಮನೆಗೆ ಬಂದಳು. "ಅಮ್ಮಾ..." ಎಂದಳು. ನಾನು ಚಾಕು ಕೆಳಗಿಟ್ಟು ಅವಳ ತಲೆ ಸವರಿದೆ. ಸವರುತ್ತಲೇ, ನನಗೇ ನಾಚಿಕೆಯಾಗುವಂತೆ, ಮತ್ತೆ ಬೇಡ ಎಂದು ತಲೆ ಅಲ್ಲಾಡಿಸಿದೆ.

ಅವಳು ಮಲಗಿದ ಮೇಲೆ ಸಾಮುಲಿಗೆ ನೇರವಾಗಿ ಹೇಳಿದೆ: ಇನ್ನೊಂದು ಪೆಟ್ಟು ಬಿದ್ದರೆ ನೀನು ನಮಗೆ ಉಳಿಯುವುದಿಲ್ಲ. ಲೈಲಾಗೆ ಎಲ್ಲ ಹೇಳಿಬಿಡುತ್ತೇನೆ. ಲೈಲಾ ಎಂದರೆ ತಂಡದ ಡಾಕ್ಟರು, ಹಿಲ್ಮಾ ಹುಟ್ಟಿದಾಗಿನಿಂದ ನಮಗೆ ಪರಿಚಯ. ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಇದೊಂದು ಪಂದ್ಯ, ಮಾರ್ಯುತ್" ಎಂದ. "ಆಮೇಲೆ ನೀನು ಹೇಳಿದ್ದೆಲ್ಲ ಕೇಳ್ತೀನಿ. ಇದೊಂದನ್ನ ನನ್ನಿಂದ ಕಿತ್ಕೋಬೇಡ."

ಹಾಗೆ ಕೇಳುವಾಗ ನನ್ನ ಹೆಸರು ಅವನಿಗೆ ನೆನಪಿತ್ತು. ಆ ರಾತ್ರಿ ನಾನು ಲೈಲಾಗೆ ಫೋನ್ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಕಾರು ಓಡಿಸಿದವಳು ನಾನು. ಕ್ರೀಡಾಂಗಣದ ಹಿಂಬಾಗಿಲಿನಲ್ಲಿ ಸ್ಕೇಟ್ ಹರಿತ ಮಾಡುವ ಓಸ್ಮೊ ತಾತ ಹಿಲ್ಮಾಳಿಗೆ ಲಿಕೊರೀಸ್ ಮಿಠಾಯಿ ಕೊಟ್ಟು, ನಿಮ್ಮಪ್ಪನ ಗಡ್ಡ ನೋಡಿಯೇ ಎದುರಾಳಿಗಳು ಓಡಿಹೋಗುತ್ತಾರೆ ಎಂದ. ಅವಳು ನಗಲಿಲ್ಲ. ಮಿಠಾಯಿ ಜೇಬಿಗೆ ಹಾಕಿಕೊಂಡಳು. ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಬಾಗಿಲಾಚೆ ಲೈಲಾಳ ದನಿ, ಅದರ ಹಿಂದೆಯೇ ಅವನ ದನಿ. ಹಿಲ್ಮಾಳ ತುಟಿಯೂ ಸದ್ದಿಲ್ಲದೆ ಅವನ ಜೊತೆ ಅಲ್ಲಾಡುತ್ತಿತ್ತು: ಕಿಟಕಿ, ಸಕ್ಕರೆ, ಕೊಡಲಿ.

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಲೈಲಾ ಕೈಯಲ್ಲಿ ಹಾಳೆ ಹಿಡಿದು ಹೊರಬಂದಳು. ಅವಳ ಹಿಂದೆ ಸಾಮುಲಿ, ಹಣೆಯ ಮೇಲೆ ಬೆವರು.

"ಹತ್ತಕ್ಕೆ ಹತ್ತು" ಎಂದಳು ಲೈಲಾ. "ಎರಡು ಸಲವೂ. ಸಹಿ ಒಂದು ಹಾಕ್ಬಿಟ್ರೆ ಆಯ್ತು. ಹಿಲ್ಮಾ, ನಿಮ್ಮಪ್ಪನ ನೆನಪು ನನಗಿಂತ ಚೆನ್ನಾಗಿದೆ ಕಣಮ್ಮ."

ಹಾಳೆಯನ್ನು ಗೋಡೆಗೆ ಒತ್ತಿ ಪೆನ್ನಿನ ಮುಚ್ಚಳ ತೆಗೆದಳು. ಹಿಲ್ಮಾ ನನ್ನ ಮುಖ ನೋಡಿದಳು. ಎಂಟು ದಿನದಿಂದ ಹಾಗೆ ನೋಡಿದಾಗಲೆಲ್ಲ ತಲೆ ಅಲ್ಲಾಡಿಸಿ ಅವಳ ಬಾಯಿ ಕಟ್ಟಿದ್ದೆ. ಸಾಮುಲಿಯೂ ನನ್ನನ್ನೇ ನೋಡುತ್ತಿದ್ದ. ನನ್ನ ಕತ್ತು ಅಲ್ಲಾಡಲಿಲ್ಲ.

ಅವಳು ಬೆಂಚಿನಿಂದ ಇಳಿದು ಲೈಲಾಳ ಹತ್ತಿರ ಹೋದಳು.

"ನಾನು ಓದಿಸಿದ್ದೆಲ್ಲ ಅಪ್ಪಂಗೆ ನೆನಪಿದೆ. ಮತ್ತೆ ನನ್ನ ಹೆಸರು ಯಾಕೆ ನೆನಪಿಲ್ಲ?"