ನೀಲಿ ಮೀನಿಗೆ ನಾಲ್ಕು ದಿನ ರಜೆ

ಹೆಬ್ಬೆರಳುದ್ದದ ಮೀನಿಗೆ ಅಷ್ಟು ಸೊಕ್ಕು ಇರಬಾರದು, ಬಿಡಿ. ಚನ್ನಪಟ್ಟಣದ ನಮ್ಮ ಗೊಂಬೆ ಅಂಗಡಿಯ ಗಾಜಿನ ತೊಟ್ಟಿಯಲ್ಲಿದ್ದ ನೀಲಿ ಮೀನಿನ ಮಾತು ಹೇಳುತ್ತಿದ್ದೇನೆ. ಹೊಸ ಹೆದ್ದಾರಿಯಾಗಿ ಕಾರುಗಳೆಲ್ಲ ಊರಾಚೆಯೇ ಹೋಗತೊಡಗಿದ ಮೇಲೆ, ಗಿರಾಕಿಗಳನ್ನು ಸೆಳೆಯಲೆಂದು ಮಾಲೀಕರು ನಂಜುಂಡಯ್ಯನವರು ಉಪ್ಪುನೀರಿನ ಮೀನಿನ ತೊಟ್ಟಿ ತಂದು ಬಾಗಿಲಲ್ಲಿ ಇಟ್ಟರು. ಈ ಬದಿ ತೊಟ್ಟಿ, ಆ ಬದಿ ಮರ ಕಡೆಯುವ ನನ್ನ ಲೇತು. ಮಕ್ಕಳು ಮೊದಲು ಮೀನು ನೋಡುತ್ತವೆ, ಆಮೇಲೆ ನಾನು ತಿರುಗುವ ಮರಕ್ಕೆ ಅರಗು ಒತ್ತಿ ಬಣ್ಣ ಬರಿಸುವುದನ್ನು ನೋಡುತ್ತವೆ. ಮೂವತ್ತೊಂದು ವರ್ಷದಿಂದ ಆ ಮುಂದಿನ ಲೇತು ನನ್ನದು. ಖಲಂದರ್ ಸಾಬರ ಲೇತು ಎಂದರೆ ಬಸ್ ಸ್ಟ್ಯಾಂಡಿನ ಆಟೋದವರಿಗೂ ಗೊತ್ತು. ಅದೊಂದು ನನ್ನ ಕೈ ತಪ್ಪದಿದ್ದರೆ ಸಾಕು, ಬೇರೇನೂ ಬೇಡ ನನಗೆ.

ಹೊಸದಾಗಿ ಬಿಟ್ಟ ಕಿತ್ತಳೆ ಬಣ್ಣದ ಪಟ್ಟೆ ಮೀನುಗಳನ್ನು ಆ ನೀಲಿಯದು ಎರಡು ಸಲ ಕೊಂದಿತು. ಮೂಲೆಗೆ ಒತ್ತರಿಸಿ, ರೆಕ್ಕೆ ಹರಿದು, ಒಂದು ಕಾಳು ತಿನ್ನಲೂ ಬಿಡದೆ ಕೊಂದಿತು. ನನಗೆ ಮೈಯೆಲ್ಲ ಉರಿಯಿತು. ಪಾಪ, ಮುಂದೆ ಬರುವ ಮೀನುಗಳಾದರೂ ಅವಿತುಕೊಳ್ಳಲಿ ಎಂದು, ಗೊಂಬೆಗೆ ಬಳಸುವ ಆಲೆಮರದಲ್ಲಿ ಪುಟ್ಟ ಕೋಟೆ ಕಡೆದು, ಅರಗು ಹಾಕಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟು ನೀರಿಗೆ ಇಳಿಸಿದೆ. ಜೀವಮಾನವೆಲ್ಲ ಮರ ಕಡೆದವನಿಗೆ ಮರ ತೇಲುತ್ತದೆ ಎಂದು ಹೊಳೆಯಲಿಲ್ಲ ನೋಡಿ! ಕೋಟೆ ತಲೆಕೆಳಗಾಗಿ ತೇಲಿತು. ಒಳಗಿನ ಲೇತಿನವರೆಲ್ಲ ಬಂದು ನಕ್ಕು ಹೋದರು.

ಅದೇ ವಾರ ತರಬೇತಿ ಕೇಂದ್ರದಲ್ಲಿ ಕಲಿತ ಅಖ್ತರಿ ಕೆಲಸಕ್ಕೆ ಸೇರಿದಳು. "ಆ ಹೆಣ್ಮಗು ಗಿರಾಕಿಗಳ ಜೊತೆ ಇಂಗ್ಲಿಷು, ಹಿಂದಿ ಎಲ್ಲಾ ಮಾತಾಡ್ತದೆ. ಒಸಿ ದಿನ ಮುಂದಿನ ಲೇತಲ್ಲಿ ಕೂರಿಸಾನ," ಎಂದರು ನಂಜುಂಡಯ್ಯ. ನೋಡೋಣ ಎಂದೆ. ಅವಳಿಗೆ ಮೊಂಡಾದ ಉಳಿ ಕೊಟ್ಟೆ, ಗಂಟುಗಂಟಾದ ಮರ ಕೊಟ್ಟೆ, ಫ್ಯಾನಿನ ಗಾಳಿ ಬಾರದ ಮೂಲೆಗೆ ಸ್ಟೂಲು ಹಾಕಿಸಿದೆ. ಕಲಿಯಲಿ ಎಂದು. ಅವಳಿಗಿಂತ ಮುಂಚೆ ಇದ್ರೀಸ್, ತಾಜ್ ಪಾಷಾ ಇಬ್ಬರೂ ತಿಂಗಳು ತುಂಬುವ ಮೊದಲೇ ಕೆಲಸ ಬಿಟ್ಟಿದ್ದರು. ನಾನೇನೂ ಓಡಿಸಲಿಲ್ಲ, ಅವರಿಗೆ ತಾಳ್ಮೆ ಇರಲಿಲ್ಲ.

ಕೋಟೆ ತೇಲಿದ ರೋಷಕ್ಕೆ ಫೋನಿನಲ್ಲಿ ವೀಡಿಯೊ ನೋಡಿ ನೋಡಿ ಮೀನಿನ ವಿದ್ಯೆ ಕಲಿತೆ. ಒಂದು ದಿನ ನಂಜುಂಡಯ್ಯನವರಿಗೆ ಹೇಳಿಯೇಬಿಟ್ಟೆ.

"ಸಾವ್ಕಾರ್ರೇ, ಬೈದ್ರೆ ಬಗ್ಗೋ ಜಾತಿ ಅಲ್ಲ ಅದು. ಒಸಿ ದಿನ ಬೇರೆ ಡಬ್ಬದಲ್ಲಿ ಇಡಿ. ಆವಾಗ ತೊಟ್ಟಿ ಕಲ್ಲೆಲ್ಲಾ ಎತ್ತಿ ಬೇರೆ ತರ ಜೋಡಿಸ್ಬುಡಿ. ಹೊಸ ಮೀನು ಮೊದ್ಲು ಬುಟ್ಟು, ಅವು ಜಾಗ ಹಿಡ್ಕಂಡ ಮ್ಯಾಲೆ ಇದನ್ನ ಬುಡಿ. ತನ್ನ ಜಾಗ ಯಾವ್ದು ಅಂತ್ಲೇ ಗೊತ್ತಾಗಕಿಲ್ಲ. ಇನ್ಯಾತಕ್ಕೆ ಜಗಳ ಆಡ್ತದೆ?"

"ನಾಕು ದಿನ ಸಾಕಾ ಸಾಬ್ರೇ?"

"ಬೇಕಾದಷ್ಟಾಯ್ತು."

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. "ಭಲೇ ತಲೆ ಕಣ್ರೀ ನಿಮ್ದು," ಎಂದರು.

ಹಾಗೆಯೇ ಮಾಡಿದೆವು. ಐದನೇ ದಿನ ನೀಲಿ ಮೀನನ್ನು ಬಿಟ್ಟರೆ, ತನ್ನ ಬಂಡೆ ಹುಡುಕಿಕೊಂಡು ಸುತ್ತಿದ್ದೇ ಸುತ್ತಿದ್ದು. ಸಿಗಲಿಲ್ಲ. ಕೊನೆಗೆ ಪೈಪಿನ ಹಿಂದೆ ಹೋಗಿ ತೆಪ್ಪಗಾಯಿತು. ಪಟ್ಟೆ ಮೀನುಗಳು ಆರಾಮಾಗಿ ಕಾಳು ತಿಂದವು. "ಹೆಂಗೈತೆ ಮಗನೇ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಮುಂದಿನ ವಾರ ನಂಜುಂಡಯ್ಯ ನನ್ನ ಹೆಗಲ ಮೇಲೆ ಕೈ ಇಟ್ಟರು. "ಎಷ್ಟೂಂತ ದುಡೀತೀರಾ ಸಾಬ್ರೇ? ನಾಕು ದಿನ ಕನಕಪುರಕ್ಕೆ ಮಗಳ ಮನೆಗೆ ಹೋಗ್ ಬನ್ನಿ. ಸಂಬ್ಳ ಹಿಡಿಯಕಿಲ್ಲ." ಎಂಥ ದೊಡ್ಡ ಮನಸ್ಸು! ಮಗಳ ಮನೆಯಲ್ಲಿ ಬಿರಿಯಾನಿ ತಿಂದು, ಕಂಡಕಂಡವರಿಗೆಲ್ಲ ಮಾಲೀಕರನ್ನು ಹೊಗಳಿ ಬಂದೆ.

ಬಂದು ನೋಡಿದರೆ ಅಂಗಡಿಯೊಳಗೆ ಯಾವುದೂ ಇದ್ದಲ್ಲಿ ಇರಲಿಲ್ಲ. ಲೇತುಗಳೆಲ್ಲ ಆ ಕಡೆಯಿಂದ ಈ ಕಡೆಗೆ ಬಂದಿದ್ದವು. ಬೀದಿ ಕಡೆಯ ಕಿಟಕಿಯ ಬಳಿ ಅಖ್ತರಿ ಹಳದಿ ಅರಗು ಒತ್ತುತ್ತಿದ್ದಳು, ಸುತ್ತ ಗಿರಾಕಿಗಳು. "ಬನ್ನಿ ಚಾಚಾ," ಎಂದು ಮರ್ಯಾದೆಯಿಂದ ಎದ್ದು ನಿಂತಳು. ಇದು ನನ್ನ ಜಾಗ ಎಂದು ಅಂಗಡಿ ಹಾರಿಹೋಗುವಂತೆ ಕೂಗಲು ಬಾಯಿ ತೆರೆದೆ. ಆದರೆ ಯಾವುದನ್ನು ತೋರಿಸಿ ಕೂಗಲಿ? ಬಾಗಿಲ ಪಕ್ಕ ನಾನು ಕೂರುತ್ತಿದ್ದ ಕಡೆ ಬುಗುರಿಗಳ ಬೀರು ನಿಂತಿತ್ತು. ಬೀರುವಿನ ಜೊತೆ ಜಗಳ ಆಡಲಾದೀತೇ? ಬೀರುವನ್ನು ಒಂದು ಸುತ್ತು ಹಾಕಿದೆ. ಲೇತುಗಳ ನಡುವೆ ಇನ್ನೊಂದು ಸುತ್ತು ಹಾಕಿದೆ.

"ತಾತ ಏನ್ ಹುಡುಕ್ತಾವ್ರೆ?" ಎಂದಿತು ಗಿರಾಕಿಗಳ ಜೊತೆ ಬಂದಿದ್ದ ಮಗು.

ನಂಜುಂಡಯ್ಯ ಬಿಲ್ ಪುಸ್ತಕದಿಂದ ತಲೆ ಎತ್ತಲಿಲ್ಲ. "ಏನಿಲ್ಲ ಕಣವ್ವಾ. ಒಸಿ ಹೊತ್ತು ಬುಡು, ಹೊಂದ್ಕತಾರೆ."